ಹತ್ತು ನಿಮಿಷ ಅವಳಿಗಿರಲಿ

‘ಸರಿಯಾಗಿ ನುಡಿಸು, ಇಲ್ಲ ಮುಚ್ಚಿಡು’ – ಹಾರ್ಮೋನಿಯಂ ಮುಂದೆ ಕೂತ ಮಗಳಿಗೆ ನಾವು ಹೇಳುವುದು ಇಷ್ಟೇ. ಜೂನಿಯರ್ ಪಾಸಾಗಿ, ಅರಿಶಿನ ಕುಂಕುಮಕ್ಕೆ ಬಂದವರೆದುರು ಒಂದು ದೇವರನಾಮ ಹಾಡಿದರೆ ನಮ್ಮ ಪಾಲಿಗೆ ಸಂಗೀತ ಮುಗಿಯಿತು!

ಮೋಹನ ರಾಗದ ಐದೇ ಸ್ವರ ಹಿಡಿಯಿರಿ. ಅದರ ರಿಷಭವನ್ನೇ ಷಡ್ಜವೆಂದುಕೊಂಡು ನುಡಿಸಿದರೆ ಮಧ್ಯಮಾವತಿ. ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಹಿಂದೋಳ. ಶಾಸ್ತ್ರ ಇದನ್ನು ಗ್ರಹಭೇದ ಎನ್ನುತ್ತದೆ. ಮಗುವಿಗೆ ಅದು ‘ಇಲ್ಲಿಂದ ಶುರುಮಾಡಿದರೆ ಏನಾಗುತ್ತೆ?’ ಎಂಬ ಆಟ. ಆ ಪ್ರಶ್ನೆಯನ್ನೇ ಗದರಿಸಿ ಅಡಗಿಸಿ, ಆಮೇಲೆ ‘ನಮ್ಮ ಹೆಣ್ಣುಮಕ್ಕಳು ಹಾಡುತ್ತಾರೆ, ಹೊಸದಾಗಿ ಕಟ್ಟುವುದಿಲ್ಲ’ ಎಂದು ಕೊರಗುವುದು ಯಾವ ನ್ಯಾಯ?

ಅಭ್ಯಾಸ ಬೇಡವೆನ್ನುತ್ತಿಲ್ಲ. ಸರಳೆ, ಜಂಟಿವರಸೆ ದಿನಾ ಆಗಲಿ. ಆಮೇಲಿನ ಹತ್ತು ನಿಮಿಷ ಅವಳದು. ಅಪಸ್ವರ ಕೇಳಿಸಿದರೂ ಅಡುಗೆಮನೆಯಿಂದ ಕೂಗಬೇಡಿ, ತಾಯಂದಿರೇ.