ಸೋಲದ ಕೋಟೆಯಂತೆ!

ಫ್ರಾನ್ಸಿಗೆ ಹೋಗಿಬಂದವರ ಫೋಟೋಗಳಲ್ಲಿ ಐಫೆಲ್ ಟವರ್ ಬಿಟ್ಟರೆ ಹೆಚ್ಚಾಗಿ ಕಾಣೋದು ಮೋಂ ಸೇಂ ಮಿಶೆಲ್. ನಾರ್ಮಂಡಿ ತೀರದ ಬಂಡೆಗುಡ್ಡ, ತುದಿಯಲ್ಲಿ ಕ್ರೈಸ್ತ ಮಠ, ಬುಡದಲ್ಲಿ ಕೋಟೆಗೋಡೆ. ಕಡಲು ಉಕ್ಕಿದಾಗ ದ್ವೀಪ, ಇಳಿದಾಗ ಸುತ್ತ ಬರೀ ಮರಳು. ಫೋಟೋ ಕೆಳಗೆ ಒಂದು ಸಾಲು ಕಾಯಂ: ಯಾರೂ ಗೆಲ್ಲಲಾಗದ ಕೋಟೆ. ಇದನ್ನ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಅರ್ಧ ಸತ್ಯ ಸ್ವಾಮಿ ಇದು!

ಮೊದಲ ಅರ್ಧ ಒಪ್ಪೋಣ. 708ರಲ್ಲಿ ಬಿಷಪ್ ಓಬೇರ್ ಕನಸಿನಲ್ಲಿ ದೇವದೂತ ಮೈಕೆಲ್ ಬಂದು ಗುಡಿ ಕಟ್ಟು ಅಂದನಂತೆ. 966ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ಬಂದರು. ನೂರು ವರ್ಷಗಳ ಯುದ್ಧದಲ್ಲಿ ನಾರ್ಮಂಡಿ ಇಂಗ್ಲಿಷರ ಕೈಗೆ ಹೋದಾಗಲೂ ಇದು ಬಗ್ಗಲಿಲ್ಲ. 1434ರಲ್ಲಿ ಅವರು ಬಿಟ್ಟು ಓಡಿದ ಎರಡು ಫಿರಂಗಿ ಈಗಲೂ ಬಾಗಿಲ ಬಳಿ ಇವೆ. ಶಹಬ್ಬಾಸ್.

ಇನ್ನರ್ಧ? 1204ರಲ್ಲಿ ಈ ಊರಿಗೆ ಬೆಂಕಿ ಹಚ್ಚಿದ್ದು ಫ್ರಾನ್ಸ್ ದೊರೆ ಫಿಲಿಪ್ ಆಗಸ್ಟಸ್‌ನ ಕಡೆಯ ಬ್ರಿಟನಿ ಸೈನ್ಯ. ಬೆಂಕಿ ಮಠಕ್ಕೂ ಹಬ್ಬಿತು. ದೊರೆ ಆಮೇಲೆ ಹಣ ಕೊಟ್ಟ. ನಾವು ಬಾಯಿಬಿಟ್ಟು ನೋಡುವ 'ಲಾ ಮೆರ್ವೆಯ್' ಕಟ್ಟಡ ಎದ್ದಿದ್ದು ಆ ದುಡ್ಡಿನ ನೆರವಿನಿಂದ!

ಜೈಲಿನ ಕಥೆಯಂತೂ ಯಾರೂ ಬರೆಯೋದೇ ಇಲ್ಲ. ರಾಜರ ಕಾಲದಲ್ಲೇ ಬೇಡದವರನ್ನ ಇಲ್ಲಿ ತಂದು ಹಾಕ್ತಿದ್ದರು. ಸ್ವಾತಂತ್ರ್ಯ, ಸಮಾನತೆ ಅಂದ ಕ್ರಾಂತಿಕಾರಿಗಳು ಬಂದು ಊರಿಗೆ 'ಮೋಂ ಲೀಬ್ರ್', ಅಂದರೆ ಸ್ವತಂತ್ರ ಗುಡ್ಡ ಅಂತ ಹೆಸರಿಟ್ಟು, ತಮ್ಮ ಮಾತು ಕೇಳದ ಪಾದ್ರಿಗಳನ್ನ ಒಳಗೆ ತುಂಬಿದರು. ಇದಕ್ಕಿಂತ ಜೋಕ್ ಬೇಕಾ? ಮುಂದೆ ಚರ್ಚೇ ಕೈದಿಗಳ ಕಾರ್ಖಾನೆ ಆಯ್ತು, ಅಲ್ಲಿ ಹುಲ್ಲಿನ ಟೋಪಿ ಹೆಣೆಸಿದರು. 1834ರಲ್ಲಿ ಅದಕ್ಕೂ ಬೆಂಕಿ ಬಿತ್ತು. ಸಾಮಾನು ಮೇಲೆಳೆಯೋ ದೊಡ್ಡ ಮರದ ಚಕ್ರದೊಳಗೆ ಕೈದಿಗಳು ನಡೆದೂ ನಡೆದೂ ಅದನ್ನ ತಿರುಗಿಸಬೇಕಿತ್ತು. ಇವತ್ತು ಜನ ಅದರ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸ್ಕೋತಾರೆ. ಜೈಲು ಮುಚ್ಚಿದ್ದು 1863ರಲ್ಲಿ.

"ಜೈಲಾಗಿದ್ದಕ್ಕೇ ಕಟ್ಟಡ ಉಳೀತು ಮಾರಾಯಾ" ಅನ್ನೋರಿದ್ದಾರೆ. ಇರಬಹುದು. ಕಲ್ಲು ಉಳಿದ ಲೆಕ್ಕ ಹೇಳ್ತೀರಿ, ಒಳಗೆ ಕೊಳೆತವರ ಲೆಕ್ಕ ಯಾರು ಹೇಳ್ತಾರೆ?

ಕೊನೆಗೆ ದ್ವೀಪತನವನ್ನೂ ಬಿಡಲಿಲ್ಲ. ಜನ ಸುಲಭವಾಗಿ ಬರಲಿ ಅಂತ 1879ರಲ್ಲಿ ಮಣ್ಣು ಏರಿಸಿ ರಸ್ತೆ ಮಾಡಿದರು. ನೀರಿನ ಓಡಾಟಕ್ಕೆ ಅಡ್ಡಿಯಾಗಿ ಹೂಳು ತುಂಬುತ್ತಾ ಬಂತು. ತೀರದಲ್ಲಿ ಹೊಲಕ್ಕಾಗಿ ಕಡಲು ಒತ್ತಿದ್ದೂ ಸೇರಿತು. ಕಡೆಗೆ ಹೂಳು ತಳ್ಳೋಕೆ ಕೂಎನೋನ್ ನದಿಗೆ ಹೊಸ ಅಣೆಕಟ್ಟು ಕಟ್ಟಿ, 2014ರಲ್ಲಿ ಕಂಬದ ಮೇಲಿನ ಸೇತುವೆ ತೆರೆದು, ಆಮೇಲೆ ರಸ್ತೆ ಕಿತ್ತರು. ಹೊರಗಿನ ಸೈನ್ಯಕ್ಕೆ ಬಗ್ಗದ್ದನ್ನ ಕಾಯಬೇಕಾದವರೇ ಸುಟ್ಟರು, ಜೈಲು ಮಾಡಿದರು, ಹೂಳಲ್ಲಿ ಮುಳುಗಿಸಿದರು.

ಮುಂದಿನ ಸಲ ಅಲ್ಲಿಗೆ ಹೋದವರು ದೇವದೂತನ ಕಥೆ ಧಾರಾಳವಾಗಿ ಬರೀರಿ. ಆ ಚಕ್ರದ ಬಗ್ಗೆಯೂ ಎರಡು ಸಾಲು ಇರಲಿ. ಏನಂತೀರಿ?