ಜೀವಕೋಶವೂ ಗಣಿತವೂ

ಜೀವಶಾಸ್ತ್ರವನ್ನು ಓದುವವರಿಗೆ ಗಣಿತವೇಕೆ ಎಂಬ ಪ್ರಶ್ನೆ ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಗಿಡಮರ, ಪ್ರಾಣಿಗಳನ್ನು ಕುರಿತು ತಿಳಿಯಲು ನೆನಪಿನ ಶಕ್ತಿಯೊಂದಿದ್ದರೆ ಸಾಕೆಂಬ ಭಾವನೆ ಹಲವರಲ್ಲಿ ಬೇರೂರಿದೆ. ಇದು ಎಷ್ಟು ತಪ್ಪೆಂಬುದನ್ನು ಅವೀವ್ ರೆಗೆವ್ ಎಂಬ ವಿಜ್ಞಾನಿಯ ಸಾಧನೆ ತೋರಿಸಿಕೊಡುತ್ತದೆ.

1971ರಲ್ಲಿ ಇಸ್ರೇಲಿನಲ್ಲಿ ಜನಿಸಿದ ರೆಗೆವ್ ಅವರು ಟೆಲ್ ಅವೀವ್ ವಿಶ್ವವಿದ್ಯಾನಿಲಯದಲ್ಲಿ, ಒಂದೇ ವಿಷಯಕ್ಕೆ ಕಟ್ಟುಬೀಳದೆ ಹಲವು ಶಾಸ್ತ್ರಗಳನ್ನು ಒಟ್ಟಿಗೆ ಕಲಿಯಲು ಅವಕಾಶವಿದ್ದ ವಿಶೇಷ ವಿಭಾಗದಲ್ಲಿ ಓದಿದರು. ಜೀವಶಾಸ್ತ್ರ, ಗಣಕವಿಜ್ಞಾನಗಳೆರಡೂ ಅವರಿಗೆ ಒಲಿದವು. 2006ರಲ್ಲಿ ಅವರು ಅಮೆರಿಕದ ಬ್ರಾಡ್ ಸಂಸ್ಥೆಯನ್ನು ಸೇರಿದರು.

ಚಿಟಗುಪ್ಪದ ಸುತ್ತಣ ಹೊಲಗಳಲ್ಲಿ ಬೆಳೆಯುವ ತೊಗರಿ, ಹೆಸರು, ಉದ್ದುಗಳನ್ನು ಬೆರೆಸಿ ಬೀಸಿದರೆ ದೊರೆಯುವುದು ಹಿಟ್ಟು. ಅದರಲ್ಲಿ ಯಾವ ಕಾಳು ಎಷ್ಟಿತ್ತು, ಹುಳು ಹಿಡಿದುದು ಯಾವುದು ಎಂಬುದು ತಿಳಿಯದು. ಹಿಂದೆ ವಿಜ್ಞಾನಿಗಳೂ ಲಕ್ಷಾಂತರ ಜೀವಕೋಶಗಳನ್ನು ಹೀಗೆಯೇ ಒಟ್ಟಾಗಿ ಅರೆದು ಪರೀಕ್ಷಿಸುತ್ತಿದ್ದರು. 2009ರಿಂದೀಚೆಗೆ ಒಂದೊಂದೇ ಕೋಶದಲ್ಲಿ ದುಡಿಯುತ್ತಿರುವ ವಂಶವಾಹಿಗಳನ್ನೆಲ್ಲ ಓದುವ ವಿಧಾನ ಬಳಕೆಗೆ ಬಂದಿತು. ಮನುಷ್ಯನ ವಂಶವಾಹಿಗಳು ಸುಮಾರು 20,000. ಪರೀಕ್ಷಿಸಬೇಕಾದ ಕೋಶಗಳೋ ಸಾವಿರಾರು. ಇಷ್ಟು ಅಂಕಿಗಳಲ್ಲಿ ಅಡಗಿರುವ ಹೋಲಿಕೆಗಳನ್ನು ಗಣಕವು ತಾನೇ ಹುಡುಕಿ, ಕಾಳು ಬೇರ್ಪಡಿಸುವಂತೆ ಕೋಶಗಳನ್ನು ಗುಂಪುಗೂಡಿಸಬಲ್ಲದು. ಈ ವಿದ್ಯೆಗೆ ಯಂತ್ರಕಲಿಕೆ ಎಂದು ಹೆಸರು.

ಇದರ ಫಲ 2018ರಲ್ಲಿ ಕಂಡಿತು. ರೆಗೆವ್ ಮತ್ತು ಅವರ ಸಹೋದ್ಯೋಗಿಗಳು ಶ್ವಾಸನಾಳದಲ್ಲಿ ಅತಿ ವಿರಳವಾದ ಹೊಸ ಬಗೆಯ ಕೋಶವೊಂದನ್ನು ಗುರುತಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಶ್ವಾಸರೋಗಕ್ಕೆ ಕಾರಣವಾದ ವಂಶವಾಹಿ 1989ರಲ್ಲೇ ಪತ್ತೆಯಾಗಿತ್ತು. ಅದು ಈ ಕೋಶದಲ್ಲಿ ಬಹಳ ಚುರುಕಾಗಿರುವುದು ಆಗ ತಿಳಿಯಿತು. ಆ ಪುಟ್ಟ ಗುಂಪನ್ನು ಬೇರ್ಪಡಿಸಿದುದು ಗಣಿತ. ಅದರ ಅರ್ಥವನ್ನು ತಿಳಿದುದು ಜೀವಶಾಸ್ತ್ರ. ಎರಡರಲ್ಲಿ ಒಂದಿಲ್ಲದಿದ್ದರೂ ಆ ಕೋಶ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಂತಹ ಕೆಲಸ ದೂರದ ದೇಶಗಳದ್ದು ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದ ಮುಂದಾಳುತನದಲ್ಲಿ 2020ರಲ್ಲಿ ಆರಂಭವಾದ ಯೋಜನೆಯೊಂದು ದೇಶದ ಸುಮಾರು 10,000 ಜನರ ವಂಶವಾಹಿ ಲಿಪಿಯನ್ನು ಓದಿದೆ. ಒಬ್ಬೊಬ್ಬರ ಲಿಪಿಯಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿವೆ. ಅವುಗಳಲ್ಲಿ ರೋಗದ ಸುಳಿವನ್ನು ಹುಡುಕಲು ಲೆಕ್ಕವನ್ನೂ ಜೀವವನ್ನೂ ಬಲ್ಲವರು ಬೇಕು.

ಎರಡನ್ನೂ ಕಲಿಯುವುದು ಶ್ರಮದ ಕೆಲಸವೆಂಬುದು ನಿಜ. ಆದರೆ ಹತ್ತನೆಯ ತರಗತಿಯ ಅನಂತರ, ಕಠಿಣವೆಂಬ ಒಂದೇ ಕಾರಣಕ್ಕೆ ಗಣಿತವನ್ನು ತೊರೆಯುವ ವಿದ್ಯಾರ್ಥಿ ತನ್ನ ಮುಂದಿರುವ ಬಾಗಿಲೊಂದನ್ನು ತಾನೇ ಮುಚ್ಚಿಕೊಂಡಂತಾಗುತ್ತದೆ. ಶಾಸ್ತ್ರಗಳ ನಡುವೆ ಗೋಡೆ ಕಟ್ಟಿದುದು ಪಾಠದ ಅನುಕೂಲಕ್ಕಾಗಿ ಮನುಷ್ಯನೇ. ಜೀವಕೋಶಕ್ಕೆ ಆ ಗೋಡೆಯ ಅರಿವಿಲ್ಲ.