ಪೇಟೆಬೀದಿಗೊಂದು ಕಲೋತ್ಸವ: ವರ್ತಕರೇ ಮುಂದಾಗಲಿ

ದಾರಿ ತಿರುಗಿದರೆ ಪೇಟೆಯ ಭಾಗ್ಯವೂ ತಿರುಗುತ್ತದೆ ಎಂಬುದನ್ನು ಉತ್ತರ ಕನ್ನಡದ ಕರಾವಳಿಯ ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಸಾಗುತ್ತಿತ್ತು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿದ್ದಿತ್ತು. 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲುಮಾರ್ಗ ತೆರೆದಾಗ ಸರಕು ಅತ್ತ ತಿರುಗಿತು. ಕುಮಟಾ ಬಂದರಿನ ಭರಾಟೆ ಇಳಿಯಿತು.

ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪೇಟೆಗಳು ಇಂದು ಅಂಥದೇ ಮತ್ತೊಂದು ತಿರುವಿನಲ್ಲಿವೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯೂ ಚತುಷ್ಪಥ ವಿಸ್ತರಣೆಗೊಳಗಾದ ರಾಷ್ಟ್ರೀಯ ಹೆದ್ದಾರಿ 66 ಕೂಡ ಪ್ರವಾಸಿಗರನ್ನು ತರುತ್ತಿವೆ, ನಿಜ. ಆದರೆ ಆ ಪ್ರವಾಸಿಗರು ಹೋಗುವುದು ಮುರ್ಡೇಶ್ವರಕ್ಕೆ, ಗೋಕರ್ಣಕ್ಕೆ, 2020ರಲ್ಲಿ ‘ನೀಲಿ ಧ್ವಜ’ದ ಮಾನ್ಯತೆ ಪಡೆದ ಕಾಸರಕೋಡು ಕಡಲತೀರಕ್ಕೆ. ಪೇಟೆಯೊಳಗೆ ಕಾಲಿಡುವವರು ವಿರಳ. ಇತ್ತ ಊರಿನ ಗಿರಾಕಿಯೂ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಸರಕು ತರಿಸಿಕೊಳ್ಳುವ ಅಭ್ಯಾಸಕ್ಕೆ ಬಿದ್ದಿದ್ದಾನೆ. ಹೀಗಿರುವಾಗ ಜನರು ಪೇಟೆಗೆ ಬರಲು ಸರಕಿನ ಹೊರತಾದ ಇನ್ನೊಂದು ಕಾರಣವೂ ಬೇಕಾಗಿದೆ. ವರ್ಷಕ್ಕೊಮ್ಮೆ ಪೇಟೆಬೀದಿಯಲ್ಲೇ ನಡೆಯುವ ಕಲೋತ್ಸವ ಅಂಥ ಒಂದು ಕಾರಣವಾಗಬಲ್ಲದು.

ಅನ್ಯರ ಅನುಭವ

ಮುಂಬಯಿಯ ಕಾಲಾಘೋಡಾ ಪ್ರದೇಶದಲ್ಲಿ 1999ರಲ್ಲಿ ಆರಂಭವಾದ ಕಲೋತ್ಸವವು ವರ್ಷಕ್ಕೊಮ್ಮೆ ಒಂಬತ್ತು ದಿನ ನಡೆಯುತ್ತದೆ. ಅದನ್ನು ನಡೆಸುವುದು ಸರ್ಕಾರಿ ಇಲಾಖೆಯಲ್ಲ. ಆ ಪ್ರದೇಶದ ಹಿತಕ್ಕಾಗಿಯೇ 1998ರಲ್ಲಿ ರೂಪುಗೊಂಡ ಸಂಘ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ‘ಚಿತ್ರಸಂತೆ’ ನಡೆಸುತ್ತಾ ಬಂದಿದೆ. ಜನವರಿಯ ಒಂದು ಭಾನುವಾರ ವಾಹನ ಸಂಚಾರ ನಿಲ್ಲುತ್ತದೆ; ಕಲಾವಿದರು ರಸ್ತೆಯ ಇಕ್ಕೆಲಗಳಲ್ಲಿ ಕುಳಿತು, ಮಧ್ಯವರ್ತಿಗಳಿಲ್ಲದೆ ತಮ್ಮ ಚಿತ್ರಗಳನ್ನು ನೇರವಾಗಿ ಮಾರುತ್ತಾರೆ. ಮಹಾನಗರದ ಜನಸಂಖ್ಯೆ ಈ ಮೂರು ಪಟ್ಟಣಗಳಿಗಿಲ್ಲ ಎಂಬುದು ಸತ್ಯ. ಆದರೆ ಅಲ್ಲಿಂದ ಕಲಿಯಬೇಕಾದದ್ದು ಜನಸಂಖ್ಯೆಯನ್ನಲ್ಲ, ನಿಯಮವನ್ನು: ನಿಶ್ಚಿತ ಕಾಲ, ನಿಶ್ಚಿತ ಸ್ಥಳ, ಹೊಣೆ ಹೊರುವ ಒಂದು ಸಂಸ್ಥೆ.

ನಮ್ಮಲ್ಲಿ ಇರುವ ಬಂಡವಾಳ

ಕಲೆಯ ಬಂಡವಾಳಕ್ಕೆ ಇಲ್ಲಿ ಕೊರತೆಯಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳವೂ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಹೊನ್ನಾವರ ತಾಲ್ಲೂಕಿನ ಕೊಡುಗೆಗಳು. ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡಗಳು ತುರಾಯಿ ಕಟ್ಟಿಕೊಂಡು, ಗುಮಟೆ ಬಾರಿಸುತ್ತಾ ಬೀದಿಗಿಳಿಯುತ್ತವೆ. ಗುಡಿಗಾರರ ಗಂಧದ ಕೆತ್ತನೆಗೆ ಕುಮಟಾ ಹಿಂದಿನಿಂದಲೂ ಹೆಸರಾಗಿದೆ. ಭಟ್ಕಳದ 16ನೇ ಶತಮಾನದ ಕೇತಪೈ ನಾರಾಯಣ ದೇವಾಲಯದ ಭಿತ್ತಿಶಿಲ್ಪಗಳು ನಾಡಿಗೇ ಹೆಮ್ಮೆ. ಆ ದೇವಾಲಯವು ಹೊತ್ತಿರುವುದು ಯಾವುದೇ ಅರಸನ ಹೆಸರನ್ನಲ್ಲ, ಕಟ್ಟಿಸಿದ ಗೃಹಸ್ಥನ ಹೆಸರನ್ನು ಎಂಬುದು ಗಮನಾರ್ಹ. ಅರಮನೆಯ ನೆರವಿಗೆ ಕಾಯದೆ ಕಲೆಗೆ ಆಸರೆಯಾದವರು ಈ ನೆಲದಲ್ಲಿ ಹಿಂದೆಯೂ ಇದ್ದರು.

ಕಲೆಯ ಸುತ್ತ ವ್ಯಾಪಾರ ಬೆಳೆಯುವುದೂ ಇಲ್ಲಿಗೆ ಹೊಸದಲ್ಲ. ಟೆಂಟ್ ಮೇಳಗಳು ಬಂದ ರಾತ್ರಿ ಚಹಾ, ಕಡಲೆ, ಮಂಡಕ್ಕಿಯ ಅಂಗಡಿಗಳಿಗೆ ಬೆಳಗಿನವರೆಗೂ ಬಿಡುವಿರುತ್ತಿರಲಿಲ್ಲ. ಕುಮಟಾ ಬಳಿಯ ಅಳ್ವೇಕೋಡಿಯಲ್ಲಿ ರೈತರು ಸಿಹಿ ಈರುಳ್ಳಿಯನ್ನು ಜಡೆ ಕಟ್ಟಿ ಹೆದ್ದಾರಿಯ ಬದಿಯಲ್ಲಿ ತೂಗುಹಾಕಿದರೆ ಕಾರುಗಳು ತಾವಾಗಿಯೇ ನಿಲ್ಲುತ್ತವೆ. ಕಣ್ಣಿಗೆ ಬಿದ್ದದ್ದಕ್ಕೆ ಗಿರಾಕಿ ಹುಟ್ಟುತ್ತಾನೆ. ಮುರುಗಲು ಶರಬತ್ತು, ಗೇರುಬೀಜ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಭಟ್ಕಳ ಮಲ್ಲಿಗೆ ಇವೆಲ್ಲವೂ ಅದೇ ರೀತಿ ಕಣ್ಣಿಗೆ ಬೀಳಬೇಕಾದ ಸರಕುಗಳು. ಇವುಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರನಿಗೆ ಜಾಹೀರಾತಿಗೆ ಹಣವಿಲ್ಲ. ಉತ್ಸವದ ಬೀದಿಯೇ ಅವನ ಜಾಹೀರಾತು.

ಆಕ್ಷೇಪಗಳಲ್ಲಿರುವ ಸತ್ಯ

ಆಕ್ಷೇಪಗಳು ಇಲ್ಲದಿಲ್ಲ, ಅವು ಹುರುಳಿಲ್ಲದವೂ ಅಲ್ಲ. ಬೀದಿ ಮುಚ್ಚಿದ ದಿನ ಚಹಾದಂಗಡಿ ಮತ್ತು ಖಾನಾವಳಿಗೆ ಲಾಭವಾದೀತು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮೊಳೆಯೂ ಮಾರಾಟವಾಗದಿರಬಹುದು. ದಿನಸಿ ವರ್ತಕನ ಲಾರಿ ಪೇಟೆಯ ಹೊರಗೇ ನಿಲ್ಲಬೇಕಾಗುತ್ತದೆ. ‘ಉತ್ಸವ’ದ ಹೆಸರಿನಲ್ಲಿ ಹೊರಊರಿನ ಅಗ್ಗದ ಸರಕಿನ ಮಳಿಗೆಗಳು ಬಂದು, ವರ್ಷವಿಡೀ ತೆರಿಗೆ ಮತ್ತು ಬಾಡಿಗೆ ತೆರುವ ಅಂಗಡಿಕಾರನ ಎದುರಿನಲ್ಲೇ ಗಿರಾಕಿಯನ್ನು ಸೆಳೆದೊಯ್ಯುವ ಭೀತಿಯೂ ಇದೆ. ಇವುಗಳಿಗೆ ಉತ್ತರವಿಲ್ಲದೆ ಉತ್ಸವವನ್ನು ಹೇರಿದರೆ ಅದು ಎರಡನೆಯ ವರ್ಷವನ್ನು ಕಾಣಲಾರದು.

ಆದ್ದರಿಂದಲೇ ಇದು ವರ್ತಕರ ಕೈಯಲ್ಲಿರಬೇಕು. ಅನುದಾನವನ್ನೇ ನೆಚ್ಚಿದ ಉತ್ಸವಗಳು ಅನುದಾನ ನಿಂತ ವರ್ಷ ನಿಂತುಹೋಗುತ್ತವೆ. ವರ್ತಕರೇ ನಡೆಸಿದಲ್ಲಿ ಷರತ್ತುಗಳನ್ನೂ ಅವರೇ ವಿಧಿಸಬಹುದು. ಮಳೆಗಾಲ ಮುಗಿದು ಯಕ್ಷಗಾನದ ತಿರುಗಾಟವೂ ಪ್ರವಾಸಿಗರ ಓಡಾಟವೂ ಜೊತೆಗೂಡುವ ಡಿಸೆಂಬರ್–ಜನವರಿಯಲ್ಲಿ, ಸಂತೆಯ ದಿನವನ್ನು ಬಿಟ್ಟು, ಒಂದು ಸಂಜೆಯನ್ನು ಶಾಶ್ವತವಾಗಿ ಗೊತ್ತುಪಡಿಸಲಿ. ಮೂರು ಪಟ್ಟಣಗಳಲ್ಲೂ ಒಂದೇ ದಿನ ನಡೆಸದೆ, ಒಂದೊಂದು ವಾರದ ಅಂತರದಲ್ಲಿ ನಡೆಸಲಿ. ಮುಚ್ಚುವುದು ಒಂದೇ ಬೀದಿಯನ್ನು, ಮಧ್ಯಾಹ್ನದ ನಂತರ ಮಾತ್ರ. ಆಂಬುಲೆನ್ಸ್‌ಗೆ ಮತ್ತು ಔಷಧಿ ಅಂಗಡಿಗೆ ದಾರಿ ಬಿಟ್ಟಿರಬೇಕು. ಮಳಿಗೆಗಳಲ್ಲಿ ಸ್ಥಳೀಯ ತಯಾರಕರಿಗೂ ಆ ಬೀದಿಯ ಅಂಗಡಿಕಾರರಿಗೂ ಮೊದಲ ಆದ್ಯತೆ ಇರಲಿ. ಕಾಯಂ ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಿ ಉತ್ಸವ ಮಾಡುವುದು ಸಲ್ಲದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ನೀಡಿದೆ. ವಂತಿಗೆಯನ್ನು ಎಲ್ಲರಿಂದಲೂ ಸಮನಾಗಿ ಎತ್ತದೆ, ಲಾಭ ಕಾಣುವವರಿಂದ ಹೆಚ್ಚು, ಕಾಣದವರಿಂದ ಕಡಿಮೆ ಪಡೆಯುವುದು ನ್ಯಾಯ. ತಿಂಗಳೊಳಗೆ ಜಮಾ-ಖರ್ಚಿನ ಲೆಕ್ಕ ಸದಸ್ಯರ ಮುಂದೆ ಬರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕಲಾವಿದನ ಸಂಭಾವನೆ. ಪೆಂಡಾಲಿನವನಿಗೆ, ಧ್ವನಿವರ್ಧಕದವನಿಗೆ ಬಿಲ್ಲಿನಂತೆ ಹಣ ಸಲ್ಲುವಾಗ, ಕುಣಿದವನಿಗೆ ಶಾಲು-ಹಾರದಲ್ಲಿ ಮುಗಿಸುವ ಪದ್ಧತಿ ವ್ಯಾಪಾರಧರ್ಮಕ್ಕೆ ಒಪ್ಪುವಂಥದಲ್ಲ. ಸರಕಿಗೆ ಬೆಲೆ ಕಟ್ಟಬಲ್ಲವರು ಕಲೆಗೂ ಬೆಲೆ ಕಟ್ಟಬೇಕು.

ಮತ್ತೊಂದು ಮಾತು. ಭಟ್ಕಳದ ಮುಖ್ಯ ರಸ್ತೆಯಲ್ಲಿ ರಂಜಾನ್ ಕಾಲದ ಮಾರುಕಟ್ಟೆಗೂ, ರಾಮನವಮಿಯ ರಥೋತ್ಸವದ ಪೇಟೆಗೂ ಬರುವ ಗಿರಾಕಿಗಳು ಒಂದೇ ಸಮುದಾಯದವರಲ್ಲ. ಯಾವ ಮತಕ್ಕೂ, ಯಾವ ಪಕ್ಷಕ್ಕೂ ಸೇರದ ಒಂದು ಸಂಜೆ ಎಲ್ಲ ಅಂಗಡಿಗಳ ಬಾಗಿಲಲ್ಲೂ ದೀಪ ಹಚ್ಚಿಸಿದರೆ ಅದರಿಂದ ಬೆಳೆಯುವ ವಿಶ್ವಾಸವೇ ಪೇಟೆಯ ಮೂಲಧನ. ಗಲಭೆಯ ಒಂದು ವದಂತಿಗೆ ಷಟರ್ ಎಳೆದು ನಷ್ಟ ಉಂಡ ವರ್ತಕರಿಗೆ ಇದರ ಬೆಲೆ ಗೊತ್ತಿದೆ.

ಉತ್ಸವದ ಫಲವನ್ನು ಆ ಸಂಜೆಯ ಗಲ್ಲಾಪೆಟ್ಟಿಗೆಯಲ್ಲಿ ಅಳೆಯಲಾಗದು. ಅಂದು ಕುಣಿತ ನೋಡಲು ಬಂದವನು ಮುಂದಿನ ತಿಂಗಳು ಮೊಳೆ ಕೊಳ್ಳಲು ಅದೇ ಬೀದಿಗೆ ಬಂದನೇ ಎಂಬುದೇ ಅಳತೆಗೋಲು. ಮೂರು ವರ್ಷ ತಾಳ್ಮೆಯಿಂದ ನಡೆಸಿ, ಲೆಕ್ಕ ನೋಡಿ, ಬಳಿಕ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬುದನ್ನು ತೀರ್ಮಾನಿಸಬಹುದು. ಹತ್ತಿ ಬೇರೆ ದಾರಿ ಹಿಡಿದಾಗ ಕುಮಟಾದ ವರ್ತಕರ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಗಿರಾಕಿ ಬೇರೆ ದಾರಿ ಹಿಡಿಯುತ್ತಿರುವ ಈ ಕಾಲದಲ್ಲಿ ಇಂದಿನ ವರ್ತಕರ ಕೈಯಲ್ಲಿ ಮಾಡುವಂಥದ್ದು ಇದೆ. ಮೂರೂ ಪಟ್ಟಣಗಳ ವರ್ತಕ ಸಂಘಗಳು ಮುಂದಿನ ಮಳೆಗಾಲದೊಳಗೆ ಒಟ್ಟಿಗೆ ಕುಳಿತು ದಿನಾಂಕ ಗೊತ್ತುಮಾಡುವುದು ಒಳಿತು.